ಅಣ್ಣನ ಹೋಟೆಲು ಕೆಲಸ

ನನ್ನ ಅಣ್ಣ ಲಂಡನ್ನಿನಲ್ಲಿ ಗಿಟಾರು ನುಡಿಸುತ್ತಿದ್ದ. ವೇದಿಕೆಯ ಮೇಲಲ್ಲ, ರೆಕಾರ್ಡು ಮಾಡುವ ಕೋಣೆಯಲ್ಲಿ. ರಾಕ್ ಹಾಡುವ ಹುಡುಗರು ಬರುತ್ತಿದ್ದರು. ಅವರ ಕೈಗೆ ಬಾರದ ಭಾಗವನ್ನು ಅಣ್ಣ ನುಡಿಸಿಕೊಟ್ಟು, ಕೂಲಿ ಪಡೆದು ಎದ್ದು ಹೋಗುತ್ತಿದ್ದ. ರೆಕಾರ್ಡಿನ ಮೇಲೆ ಅವನ ಹೆಸರು ಇರುತ್ತಿರಲಿಲ್ಲ.

ಐವತ್ತರ ದಶಕದ ಮೊದಲಲ್ಲಿ, ಮೀಸೆ ಸರಿಯಾಗಿ ಮೂಡುವ ಮುಂಚೆಯೇ, ಅವನು ಪುತ್ತೂರು ಬಿಟ್ಟು ಮುಂಬಯಿಗೆ ಹೋಗಿ ಹಡಗಿನ ಅಡುಗೆಮನೆ ಸೇರಿದ್ದ. ಗಿಟಾರು ಕಲಿಸಿದ್ದು ಅಲ್ಲಿದ್ದ ಗೋವಾದ ಅಡುಗೆಯವನು. ಆದರೆ ಕೈ ಪಳಗಿದ್ದು ಊರಿನ ರಾತೀಬಿನಲ್ಲಿ, ದೇವರ ಸ್ತುತಿ ಹಾಡುವ ಕೂಟದಲ್ಲಿ, ಎಂದು ಅಣ್ಣ ಹೇಳುತ್ತಿದ್ದ. ಅಲ್ಲಿ ಸಾಲಾಗಿ ಕುಳಿತು ದಫ್ ಎಂಬ ಚರ್ಮವಾದ್ಯ ಬಾರಿಸುವಾಗ ಒಬ್ಬನ ಪೆಟ್ಟು ಬೇರೆಯಾಗಿ ಕೇಳಿಸಿದರೆ ಉಸ್ತಾದರು ಕಣ್ಣು ಕೆಕ್ಕರಿಸುತ್ತಿದ್ದರು. ಹಡಗು ಬಿಟ್ಟು ಲಂಡನ್ನಿನಲ್ಲಿ ಇಳಿದಾಗ ಅಲ್ಲಿನವರಿಗೂ ಹಾಗೆ ಬೇರೆಯಾಗಿ ಕೇಳಿಸದಂತೆ ನುಡಿಸುವವನೇ ಬೇಕಿತ್ತು.

ಅರವತ್ತರ ದಶಕದ ನಡುವಿನಲ್ಲಿ ಮದುವೆಗೆಂದು ಊರಿಗೆ ಬಂದ. "ಕೆಲಸ ಮುಗಿಸಿ ಕೋಣೆಗೆ ಬಂದ್ರೆ ಬ್ಯಾರಿ ಭಾಷೆಯಲ್ಲಿ ಬೈಲಿಕ್ಕೂ ಜನ ಇಲ್ಲ" ಎಂದ. ಹೆಂಡತಿಯನ್ನು ಕರೆದುಕೊಂಡು ಹೋಗಿ ಅದೇ ಕೆಲಸ ಮುಂದುವರಿಸಬೇಕೆಂದು ಅವನ ಆಸೆ. ನಮ್ಮ ಉಪ್ಪನಿಗೆ ಗಿಟಾರಿನ ಮಾತೇ ಬೇಡವಾಗಿತ್ತು. ಹುಡುಗಿ ಕೊಡುವವರು ಓಡಿಹೋಗುತ್ತಾರೆಂದು ತಂದೆಯಾದವರ ಭಯ.

"ಹೆಸರು ಎಲ್ಲಿಯೂ ಇಲ್ಲ ಅಲ್ವಾ, ಬಚಾವ್. ಹೋಟೆಲು ಕೆಲಸ ಅಂತ ಹೇಳುವ" ಎಂದರು. ಅಣ್ಣ ಒಪ್ಪಲಿಲ್ಲ.

ಸುಳ್ಯದ ಒಂದು ಮನೆಗೆ ಮಾತುಕತೆಗೆ ಹೋದೆವು. ಆಗ ಮಂಗಳೂರಿನ ಪತ್ರಿಕೆಯೊಂದರಲ್ಲಿದ್ದ ನಾನೂ ರಜೆ ಹಾಕಿ ಬಂದಿದ್ದೆ. ಹುಡುಗಿಯ ಸೋದರಮಾವ ಕೆಲಸ ಏನೆಂದು ಕೇಳಿದರು. ಅಣ್ಣ ತಾನು ತಂದಿದ್ದ ಬ್ಯಾಟರಿಯ ಪ್ಲೇಯರ್ ತೆರೆದು ರೆಕಾರ್ಡು ಹಾಕಿದ.

"ಇದು ನೀನಾ ಹಾಡುದು?"

"ಅಲ್ಲ."

"ಹಾಗಾದ್ರೆ ಆ ಡೋಲು?"

"ಅದೂ ಅಲ್ಲ. ಈಗ ಬರ್ತದೆ. ಇಗೋ, ಇದು!"

ಅವನು ಹೇಳುವಷ್ಟರಲ್ಲಿ ಅದು ಮುಗಿದಿತ್ತು.

"ಇಷ್ಟೇಯಾ? ನಮ್ಮ ತೋಟದ ಗೇಟು ಇದಕ್ಕಿಂತ ಜಾಸ್ತಿ ಹೊತ್ತು ಕಿರುಗುಟ್ತದೆ ಮಾರಾಯ!"

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಸೋದರಮಾವ ನನ್ನ ಕಡೆ ತಿರುಗಿದರು. "ನೀವು ಪೇಪರಿನವರಲ್ವಾ, ಇವನ ಹೆಸರು ಎಲ್ಲಿಯಾದ್ರೂ ಬಂದದ್ದುಂಟಾ?"

ಇಲ್ಲ ಎಂದೆ. ಬಂದಿರಲಿಲ್ಲ.

ಮರುವಾರ ಮದುವೆಯ ದಲ್ಲಾಳಿ ಉತ್ತರ ತಂದ. "ಹಾಡುವವ ಆದ್ರೂ ಹೇಗೋ ಕೊಡ್ಬಹುದಿತ್ತು ಅಂತಾರೆ. ಇವ ಎಂತದ್ದೋ ಮುಚ್ಚಿಡ್ತಾನೆ ಅಂತ ಅವರಿಗೆ ಸಂಶಯ." ಉಪ್ಪ ಹೆದರಿದ್ದು ನಿಜ ತಿಳಿದೀತೆಂದು. ನಿಜ ಹೇಳಿದರೆ ನಂಬುವವರೇ ಇರಲಿಲ್ಲ.

ಬೆಟ್ಟಂಪಾಡಿಯ ಸಂಬಂಧ ಬಂದಾಗ ಅಣ್ಣನೇ, "ಹೋಟೆಲು ಅಂತಲೇ ಹೇಳಿ" ಎಂದ. ಆ ಮನೆಯವರು ಕೂಡಲೇ ಒಪ್ಪಿದರು. ನಿಕಾಹ್ ಆಯಿತು. ನಮ್ಮಲ್ಲಿ ಪುದಿಯಾಪ್ಲೆ, ಅಂದರೆ ಹೊಸ ಮದುಮಗ, ಕೆಲವು ಕಾಲ ಹೆಂಡತಿಯ ಮನೆಯಲ್ಲೇ ಇರುವುದು ಪದ್ಧತಿ. ಅಲ್ಲಿರುವಾಗ ಒಂದು ದಿನ, ಊಟದ ಹೊತ್ತಿಗೆ ನಾನೂ ಇದ್ದಾಗಲೇ, ಅವನ ಮಾವ ಮಾತು ತೆಗೆದರು.

"ಹೋಟೆಲು ನಡೆಸ್ಲಿಕ್ಕೆ ಸಮುದ್ರ ದಾಟ್ಬೇಕಾ? ಪುತ್ತೂರಲ್ಲಿ ನನ್ನ ಅಂಗಡಿಕೋಣೆ ಖಾಲಿ ಉಂಟು. ಅಲ್ಲೇ ಇಡು. ಮಗಳನ್ನು ಅಷ್ಟು ದೂರ ನಾನು ಕಳಿಸುದಿಲ್ಲ."

ಅಣ್ಣ ಆಗಲಿ ಎಂದು ತಲೆಯಾಡಿಸಿದ. ತನ್ನ ಕೆಲಸ ಪುತ್ತೂರಿನಲ್ಲಿ ನಡೆಯುವಂಥದ್ದಲ್ಲ ಎಂದರೆ, ಮೋಸ ಮಾಡಿ ಮದುವೆಯಾದೆ ಎಂದ ಹಾಗೆ. ಅತ್ತಿಗೆಗೆ ನಿಜ ಹೇಳಿದನೋ ಇಲ್ಲವೋ ನನಗೆ ತಿಳಿಯದು.

ಮಳೆಗಾಲ ಕಳೆದ ಮೇಲೆ ಹೋಟೆಲು ತೆರೆಯಿತು. ಹಡಗಿನಲ್ಲಿ ಕಲಿತ ಅಡುಗೆ ಇಲ್ಲಿನವರ ಬಾಯಿಗೆ ಹಿಡಿಸಲಿಲ್ಲ, ಚಾ ಮಾತ್ರ ಹೋಗುತ್ತಿತ್ತು. ಕೆಲಸಕ್ಕೆ ಕರೆದು ಲಂಡನ್ನಿನಿಂದ ಕೆಲವು ಕಾಗದಗಳು ಬಂದವು, ಆಮೇಲೆ ನಿಂತವು. ಗಿಟಾರು ಅಲ್ಲಿನ ಬಾಡಿಗೆ ಕೋಣೆಯಲ್ಲಿ ಉಳಿದಿತ್ತು. ಒಮ್ಮೆ ನಾನು, ಅದನ್ನಾದರೂ ತರಿಸುವ ಎಂದೆ.

"ಎಂತಕ್ಕೆ? ಇಲ್ಲಿ ನಾನು ಯಾರ ಹಾಡಿಗೆ ನುಡಿಸುದು?" ಎಂದವನು, ಗಿರಾಕಿಗೆ ಚಾ ಕೊಡಲು ಎದ್ದ.