ಬಾಗಿಲು ದಾಟದ ದಾನ

ಬೆಳಗಿನ ಐದೂವರೆ. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿಲ್ಲ. ಐವತ್ತು ದಾಟಿದವರೊಬ್ಬರು ಕಣ್ಣು ಮುಚ್ಚಿಕೊಂಡು ಖಾಲಿ ಗಾಲಿಕುರ್ಚಿ ತಳ್ಳುತ್ತಿದ್ದಾರೆ. ಹತ್ತು ಹೆಜ್ಜೆ ತಳ್ಳುತ್ತಾರೆ, ನಿಲ್ಲುತ್ತಾರೆ, ಕತ್ತು ಓರೆ ಮಾಡುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ, ಅವರಿಗೆ ಕೇಳಿಸಿದೆ. “ಎಡಗಡೆ ಚಿಕ್ಕ ಗಾಲಿ. ಒಳಗೆ ಕೂದಲು ಸುತ್ಕೊಂಡಿದೆ,” ಎನ್ನುತ್ತಾ ಕುರ್ಚಿಯನ್ನು ಮಗುಚಿ ಚಿಮಟದಲ್ಲಿ ಎಳೆಯುತ್ತಾರೆ. ಯಾರ ಜಡೆಯದೋ ಏನೋ, ಒಂದು ಹಿಡಿ ಕೂದಲು ಹೊರಗೆ ಬರುತ್ತದೆ.

ಇವರು ಗಾಲಿಯಣ್ಣ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆಯಂತೆ, ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಮೊದಲು ಸೈಕಲ್ ಶಾಪ್ ಇತ್ತು. ಜನ ಸೈಕಲ್ ಬಿಟ್ಟರು, ಶಾಪಿಗೆ ಬೀಗ ಬಿತ್ತು. ಅದೇ ಸಮಯಕ್ಕೆ ತಾಯಿ ಕಾಲು ಮುರಿದುಕೊಂಡರೆಂದು ಇಲ್ಲಿಗೆ ಕರೆತಂದರು. ಕಾಯುವ ಬೇಸರಕ್ಕೆ ತಾಯಿ ಕೂತ ಕುರ್ಚಿಯ ಗಾಲಿ ಸರಿಮಾಡಿದ್ದೇ ತಪ್ಪಾಯಿತು. ನೋಡುತ್ತಿದ್ದ ಹಿರಿಯ ನರ್ಸಮ್ಮ, ಇನ್ನೆರಡಿವೆ, ನೋಡಿ ಹೋಗಪ್ಪ ಎಂದರು. ಅದಾಗಿ ಇಪ್ಪತ್ತೆರಡು ವರ್ಷ. ಗಾಲಿಯಣ್ಣ ಇನ್ನೂ ಹೋಗಿಲ್ಲ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಇವರನ್ನು ನೋಡಲಿಕ್ಕಲ್ಲ. ಹೋದ ವರ್ಷ ಈ ಆಸ್ಪತ್ರೆಗೆ ನಲವತ್ತು ಹೊಸ ಗಾಲಿಕುರ್ಚಿ ಕೊಟ್ಟ ಪೈಪು ಕಾರ್ಖಾನೆಯ ಮಾಲೀಕರು ಇವತ್ತು ಹತ್ತು ಗಂಟೆಗೆ ತಮ್ಮ ದಾನ ನೋಡಿಕೊಂಡು ಹೋಗಲು ಬರುತ್ತಿದ್ದಾರೆ. ಅವರ ಮೇಲೆ ಅರ್ಧ ಪುಟ ಬರೆಯಲು ಸಂಪಾದಕರು ಕಳಿಸಿದ್ದಾರೆ. ಬಸ್ಸು ಹೊತ್ತಿಗೆ ಮುಂಚೆ ತಂದು ಇಳಿಸಿದ್ದರಿಂದ ಗಾಲಿಯಣ್ಣ ಸಿಕ್ಕರು. ಮಾತಾಡಬಹುದೇ ಎಂದು ಕೇಳಿದೆ. “ಈಗ್ಲೇ ಕೇಳಿಬಿಡಿ ಮೇಡಂ. ಹತ್ತು ಗಂಟೆ ಆದ್ಮೇಲೆ ನಾನಿಲ್ಲಿ ಇರ್ತೀನೋ ಇಲ್ವೋ,” ಎಂದರು.

ಯಾಕೆಂದು ತಿಳಿಯಲು ಕುರ್ಚಿಯ ಬೆನ್ನು ನೋಡಿದರೆ ಸಾಕು. ಒರಗುವ ಬಟ್ಟೆಯ ಹಿಂಬದಿಗೆ, ಈ ತುದಿಯಿಂದ ಆ ತುದಿವರೆಗೆ, ದಾನಿಗಳ ನಗುಮುಖ ಅಚ್ಚಾಗಿದೆ. ಕೊಟ್ಟ ದಿನ ಆಸ್ಪತ್ರೆಯ ಮುಂದಿನ ಬಯಲಲ್ಲಿ ನಲವತ್ತು ರೋಗಿಗಳನ್ನು ಬಿಸಿಲಿಗೆ ಕೂರಿಸಿ, ಬೆನ್ನ ಕಡೆಯಿಂದಲೇ ಫೋಟೊ ತೆಗೆದರಂತೆ. ರೋಗಿಗಳ ಮುಖ ಯಾವ ಪತ್ರಿಕೆಯಲ್ಲೂ ಬಂದಂತಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಕುರ್ಚಿ ಎಕ್ಸ್‌ರೇ ಕೋಣೆಗೆ ಹೊರಟಿತು. ಬಾಗಿಲು ಮೂರು ಬೆರಳಷ್ಟು ಕಿರಿದು. ಸೊಂಟ ಮುರಿದ ಅಜ್ಜಿಯೊಬ್ಬರು ಕೂತಿದ್ದರು. ಮುಂದಿನಿಂದ ಆಯಾ ಎಳೆದರು, ಹಿಂದಿನಿಂದ ಅಳಿಯ ನೂಕಿದ. ಕೊನೆಗೆ ಅಜ್ಜಿಯೇ ಹೇಳಿದ್ದು: “ನನ್ನನ್ನ ಬಿಡ್ರೋ, ಆ ಬಾಗ್ಲಿಗೇ ಎಕ್ಸ್‌ರೇ ತೆಗೀರಿ.”

ಕಿರಣ ಆಚೆ ಬರದಂತೆ ಸೀಸ ಕೂರಿಸಿದ ಗೋಡೆ, ಒಡೆಯುವ ಹಾಗಿಲ್ಲ. ಹಳೆಯ ಕುರ್ಚಿಗಳನ್ನು ಹೊಸದು ಬಂದ ಖುಷಿಯಲ್ಲಿ ಆಗಲೇ ಗುಜರಿಗೆ ಸಾಗಿಸಿಯಾಗಿತ್ತು. ದಿನಕ್ಕೆ ಅರವತ್ತು ಜನರನ್ನು ಬಾಗಿಲಿನಿಂದ ಮೇಜಿನವರೆಗೆ ಕೈಯಲ್ಲೇ ಎತ್ತಬೇಕಾಯಿತು. ಕುರ್ಚಿ ಕೊಯ್ದು ಕಿರಿದು ಮಾಡಲು ಅಪ್ಪಣೆ ಕೇಳಿ ಆಸ್ಪತ್ರೆಯ ಮುಖ್ಯಸ್ಥರು ದಾನಿಗಳಿಗೆ ಮೂರು ಪತ್ರ ಬರೆದರು. ಮೂರು ಸಲವೂ ಉತ್ತರವಾಗಿ ಶುಭಾಶಯ ಪತ್ರ ಬಂತು, ಮೇಲೆ ಅದೇ ನಗುಮುಖ.

ಗಾಲಿಯಣ್ಣ ಎರಡು ತಿಂಗಳು ಕಾದರು. ಒಂದು ದಿನ ರೋಗಿಯನ್ನು ಎತ್ತಿದ ಇಬ್ಬರು ಆಯಾಗಳು ಜಾರಿ, ಮೂವರೂ ನೆಲಕ್ಕೆ ಕೂತರು. ಯಾರಿಗೂ ಏಳಲಾಗಲಿಲ್ಲ. ಅವತ್ತೇ ಇವರು ಗರಗಸ ಕೈಗೆತ್ತಿಕೊಂಡರು. ಕೂರುವ ಬಟ್ಟೆಯ ಕೆಳಗೆ ಕತ್ತರಿಯಾಕಾರದ ಎರಡು ಕೊಳವೆಗಳಿರುತ್ತವೆ. ಅವನ್ನು ಕೊಯ್ದು ಬೆಸೆದರೆ ಕುರ್ಚಿ ನಾಲ್ಕು ಬೆರಳು ಸಣ್ಣಗಾಗುತ್ತದೆ. ಕೂರುವ, ಒರಗುವ ಬಟ್ಟೆಗಳೂ ಸಣ್ಣಗಾಗಬೇಕಲ್ಲ, ಅವನ್ನು ಮನೆಗೊಯ್ದರು. ಮನೆಯಾಕೆಯದು ಹೊಲಿಗೆ ಕೆಲಸ. ದಾನಿಗಳನ್ನು ಮೇಜಿನ ಮೇಲೆ ಹರಡಿ, “ರೀ, ಇವರನ್ನ ಎಲ್ಲಿ ಕತ್ತರಿಸ್ಲಿ?” ಎಂದು ಕೇಳಿದರಂತೆ. ಗಂಡ ಹೆಂಡತಿ ಅರ್ಧ ಗಂಟೆ ಚರ್ಚೆ ಮಾಡಿ, ಮೂಗು ಮಧ್ಯಕ್ಕೆ ಬರಲೇಬೇಕು, ತೆಗೆಯುವುದಾದರೆ ಎರಡು ಪಕ್ಕದಿಂದ ಎರಡೆರಡು ಬೆರಳು ಎಂದು ತೀರ್ಮಾನಿಸಿದರು. ಹೋದದ್ದು ಕಿವಿ.

ಮೂವತ್ತೊಂಬತ್ತು ಕುರ್ಚಿ, ಎಪ್ಪತ್ತೆಂಟು ಕಿವಿ. ನಲವತ್ತನೆಯದು ಮುಖ್ಯಸ್ಥರ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡು ಪ್ರದರ್ಶನಕ್ಕಿದೆ.

“ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ ಮೇಡಂ, ದೊಡ್ಡವರ ಕಿವಿ,” ಎನ್ನುತ್ತಾರೆ. ಮನೆಯಾಕೆ ಅವಕ್ಕೆ ಹತ್ತಿ ತುಂಬಿ, ಕೈ ಇಡುವ ಕಂಬಿಗಳಿಗೆ ಮೆತ್ತೆ ಹೊಲಿದಿದ್ದಾರೆ. ಮುಟ್ಟಿ ನೋಡಿದೆ, ಮೆತ್ತಗಿವೆ. ಮುಂದಿನ ವಾರ ಗಾಲಿಯಣ್ಣನ ಗುತ್ತಿಗೆ ನವೀಕರಣ. ದಾನಿಗಳು ಮುನಿದರೆ ಮೊದಲು ಹೋಗುವುದು ನೀನೇ ಎಂದು ಮುಖ್ಯಸ್ಥರು ನಿನ್ನೆಯೇ ಎಚ್ಚರಿಸಿದ್ದಾರೆ. ಇವತ್ತು ಮನೆ ಬಿಡುವಾಗ ಹೆಂಡತಿ, “ಕೇಳಿದ್ರೆ ಕತ್ತರಿಸಿದ್ದು ನಾನು ಅನ್ನಿ,” ಎಂದರಂತೆ. ಅದನ್ನು ಹೇಳುವಾಗ ಅವರು ಗಾಲಿಗೆ ಗಾಳಿ ಹೊಡೆಯುತ್ತಲೇ ಇದ್ದರು.

ಇದು ದಾನವೋ ಪ್ರಚಾರವೋ ಎಂದು ಕೇಳಿದೆ. ಅರ್ಧ ಪುಟಕ್ಕೆ ಅಂಥ ಪ್ರಶ್ನೆ ಬೇಕಾಗುತ್ತದೆ.

“ಎರಡೂ ಇರುತ್ತೆ. ಫೋಟೊ ಇಲ್ಲ ಅಂದಿದ್ರೆ ನಲವತ್ತರ ಜಾಗದಲ್ಲಿ ನಾಲ್ಕು ಕೊಡ್ತಿದ್ರೇನೋ. ನಂಗೆ ನಲವತ್ತೂ ಬೇಕು. ಆದ್ರೆ ಮುಖಕ್ಕೆ ಎಷ್ಟು ಅಗಲ ಬೇಕು ಅಂತ ಅಳೆದವರು ಬಾಗ್ಲು ಅಳೀಲಿಲ್ಲ. ಅಷ್ಟೇ ನನ್ನ ತಕರಾರು.” ದಿನಕ್ಕೆ ಮೂರಾದರೂ ಪಂಕ್ಚರ್, ಹೊಸ ಟ್ಯೂಬಿಗೆ ಗತಿಯಿಲ್ಲ. ಹಿಂದೆ ಇನ್ನೊಬ್ಬ ದಾನಿಯನ್ನು ಟ್ಯೂಬ್ ಕೇಳಿದ್ದರಂತೆ. ಅದನ್ನು ಹಿಡಿದು ಫೋಟೊಗೆ ನಿಂತರೆ ಈಜಲು ಹೊರಟಂತೆ ಕಾಣುತ್ತದೆ ಎಂದು ಅವರ ಕಡೆಯವರು ಒಪ್ಪಲಿಲ್ಲ.

ಹತ್ತು ಗಂಟೆಗೆ ದಾನಿಗಳು ಬರುತ್ತಾರೆ, ಹಿಂದೆ ನಾಲ್ವರು ಫೋಟೊದವರು. ಎಕ್ಸ್‌ರೇ ಸಾಲಿನ ಪಕ್ಕ ಕುರ್ಚಿಯೊಂದರ ಹಿಂದೆ ನಿಂತು ನಗುತ್ತಾರೆ. ಬಗ್ಗಿ ತಮ್ಮ ಮುಖ ನೋಡುತ್ತಾರೆ. ನಗು ನಿಲ್ಲುತ್ತದೆ. ಕೈ ತಾನಾಗಿ ತಮ್ಮ ಕಿವಿಗೆ ಹೋಗುತ್ತದೆ.

“ನನ್ನ ಕಿವಿ ಎಲ್ಲಿ?”

ಮುಖ್ಯಸ್ಥರು ಫ್ಯಾನ್ ನೋಡುತ್ತಾರೆ. ಗಾಲಿಯಣ್ಣ ಸ್ಪ್ಯಾನರ್ ಹಿಡಿದೇ ಮುಂದೆ ಬರುತ್ತಾರೆ. “ನಾನೇ ಕೊಯ್ದಿದ್ದು ಸಾರ್. ಕಿವಿ ಇಟ್ಕೊಂಡು ಈ ಬಾಗ್ಲು ದಾಟೋಕೆ ಆಗ್ತಿರ್ಲಿಲ್ಲ.” ಹೆಂಡತಿಯ ಸುದ್ದಿಯನ್ನೇ ಎತ್ತುವುದಿಲ್ಲ.

ದಾನಿಗಳಿಗೆ ನಂಬಿಕೆಯಿಲ್ಲ. ತಾವು ಕೊಟ್ಟ ಕುರ್ಚಿ ಹಿಡಿಸದ ಬಾಗಿಲು ಯಾವುದು, ನೋಡಿಯೇ ಬಿಡೋಣ ಎಂದು ನಲವತ್ತನೆಯದನ್ನು ತರಿಸುತ್ತಾರೆ. ಪ್ಲಾಸ್ಟಿಕ್ ತೆಗೆಸಿ ತಾವೇ ಕೂರುತ್ತಾರೆ. ತಳ್ಳುವ ಭಾಗ್ಯ ಮುಖ್ಯಸ್ಥರದು. ಟಕ್ ಎಂದು ಸಿಕ್ಕಿಕೊಳ್ಳುತ್ತದೆ. ಜೋರಾಗಿ ತಳ್ಳಿದ್ದರಿಂದ ಮುಂದೂ ಇಲ್ಲ, ಹಿಂದೂ ಇಲ್ಲ. ದಾನಿಗಳ ಸಹಾಯಕರು ಓಡಿ ಬಂದು ನಾಲ್ಕು ಕ್ಯಾಮೆರಾಗಳಿಗೆ ಎರಡು ಕೈ ಅಡ್ಡ ಹಿಡಿದು ಸೋಲುತ್ತಾರೆ. ಸಾಲಿನಲ್ಲಿ ಊರುಗೋಲು ಹಿಡಿದು ನಿಂತಿದ್ದ ಅದೇ ಅಜ್ಜಿ, ಸೊಂಟ ಮತ್ತೆ ತೋರಿಸಿಕೊಳ್ಳಲು ಬಂದವರು, ಅನುಭವದ ಮಾತು ಹೇಳುತ್ತಾರೆ: “ಎಳೀಬೇಡಿ. ಮೊದ್ಲು ಅವರ ಮೊಣಕೈ ಒಳಗೆ ತಗೊಳ್ಳೋಕೆ ಹೇಳಿ.”

ಗಾಲಿಯಣ್ಣ ಮಂಡಿಯೂರಿ ದೊಡ್ಡ ಗಾಲಿಯ ನಟ್ಟು ಬಿಚ್ಚುತ್ತಾರೆ. ಎರಡು ನಿಮಿಷದ ಕೆಲಸ, ಐದು ನಿಮಿಷ ತೆಗೆದುಕೊಳ್ಳುತ್ತಾರೆ. ಆ ಬಿಡುವಿನಲ್ಲಿ ಟ್ಯೂಬಿನ ವಿಷಯ ಪೂರ್ತಿ ಹೇಳಿ ಮುಗಿಸುತ್ತಾರೆ. ದಾನಿಗಳು ಕೇಳಿಸಿಕೊಳ್ಳುತ್ತಾರೆ. ಎದ್ದು ಹೋಗುವ ಹಾಗಿಲ್ಲವಲ್ಲ.

ಬಿಡುಗಡೆಯಾದ ಮೇಲೆ ಅವರು ಮೊಣಕೈ ಉಜ್ಜಿಕೊಂಡು, ಸಾಲಿನಲ್ಲಿದ್ದವರನ್ನು ಒಂದು ಸುತ್ತು ನೋಡುತ್ತಾರೆ. ಮುಖ್ಯಸ್ಥರು ಮತ್ತೆ ಫ್ಯಾನ್ ನೋಡುತ್ತಾರೆ.

“ಇದನ್ನೂ ಕೊಯ್ದುಬಿಡಿ,” ಎನ್ನುತ್ತಾರೆ ದಾನಿಗಳು. ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು, ಸಣ್ಣ ದನಿಯಲ್ಲಿ, “ಮೂಗು ಮಾತ್ರ ಮಧ್ಯಕ್ಕೆ ಬರ್ಲಿ.”

“ಅದನ್ನ ನಮ್ಮನೆಯವರು ನೋಡ್ಕೋತಾರೆ ಸಾರ್,” ಎನ್ನುತ್ತಾರೆ ಗಾಲಿಯಣ್ಣ.

ಹತ್ತು ದಿನ ಬಿಟ್ಟು ಮತ್ತೆ ಬೆಳಗಿನ ಬಸ್ಸು ಹತ್ತಿದೆ. ಗುತ್ತಿಗೆ ಇನ್ನೊಂದು ವರ್ಷಕ್ಕೆ ಮುಂದುವರಿದಿದೆ. ಗಾಲಿಯಣ್ಣನ ಮೂಲೆಯಲ್ಲಿ ನೂರು ಟ್ಯೂಬುಗಳ ಪೆಟ್ಟಿಗೆ ಬಂದು ಕೂತಿದೆ, ಜೊತೆಗೊಂದು ಚೀಟಿ: “ಹೆಸರು ಹಾಕುವುದು ಬೇಡ. ಪತ್ರಿಕೆಯವರು ಕೇಳಿದರೆ ಮಾತ್ರ ಹೇಳಿ.” ನಾನು ಕೇಳಿದೆ, ಅವರು ಹೇಳಿದರು. ದಾನವೋ ಪ್ರಚಾರವೋ ನೀವೇ ಹೇಳಿ, ಟ್ಯೂಬಿನಲ್ಲಂತೂ ಗಾಳಿ ನಿಂತಿದೆ.

ಇನ್ನೇನು ಆಸೆ ಎಂದು ಕೇಳಿದರೆ, ಕೊಡುವವರು ಕೊಡುವ ಮುಂಚೆ ಒಂದು ಸಲ ಟೇಪು ಹಿಡಿದು ಬರಲಿ, ಸಾಕು ಎನ್ನುತ್ತಾರೆ. ಫೋಟೊ ತೆಗೆಯಲು ನಿಲ್ಲಿ ಎಂದೆ, ನಿಲ್ಲಲಿಲ್ಲ. ನಲವತ್ತನೆಯ ಕುರ್ಚಿ ಹೊರಟಿತ್ತು. ಕಾಲಿಗೆ ಪಟ್ಟಿ ಕಟ್ಟಿದ ಹೆಂಗಸೊಬ್ಬರು, ಎರಡೂ ಕೈ ದಾನಿಗಳ ಕಿವಿಯ ಮೇಲಿಟ್ಟು ಕೂತಿದ್ದರು. ಗಾಲಿಯಣ್ಣ ಕಣ್ಣು ಮುಚ್ಚಿ ತಳ್ಳಿದರು. ಕುರ್ಚಿ ಎಕ್ಸ್‌ರೇ ಬಾಗಿಲು ದಾಟಿ ಒಳಗೆ ಹೋಯಿತು. ಆಮೇಲೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು.

“ಸದ್ದೇ ಬರ್ಲಿಲ್ಲ. ಕೇಳಿಸ್ಕೊಂಡ್ರಾ ಮೇಡಂ?”