ಪಿರ ಅಂತ ಒತ್ತಿ

ಬಂದರಿನ ಒಂದು ಆಫೀಸಿನಲ್ಲಿ ನಾನು ಚಹಾ ಕೊಡುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗಿಟ್ಟೇ ಹೋಗಬೇಕು. ಒಳಗೆ ಪ್ರೋಗ್ರಾಂ ಬರೆಯುವವರು ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದು ಹಾಳು ಮಾಡುತ್ತಿದ್ದರು, ಆಮೇಲೆ ಜಗಳ. ಸರಿ ಮಾಡಲಿಕ್ಕೆ ಇದ್ದವನು ಒಬ್ಬನೇ. ಕಣ್ಣುಜ್ಜಿಕೊಳ್ಳುತ್ತಾ, ತಣ್ಣಗಾದ ಚಹಾವನ್ನೇ ಕುಡಿಯುವ ಮನುಷ್ಯ. ಯಾರು ಕರೆದರೂ "ಬಂದೆ, ಬಂದೆ" ಎನ್ನುತ್ತಿದ್ದ.

ಅವನ ತಾಯಿ ಫಳ್ನೀರಿನ ಆಸ್ಪತ್ರೆ ಸೇರಿದರು. ಅವರ ಹತ್ತಿರ ಕೂರಲು ಬಿಡುವು ಬೇಕೆಂದು, ಕಂಪ್ಯೂಟರಿಗೆ ಕೊಡುವ ಉದ್ದುದ್ದ ಕಮಾಂಡುಗಳನ್ನು ಅವನು ಒಂದೊಂದು ತುಳು ಶಬ್ದಕ್ಕೆ ಇಳಿಸಿದ. "ಪಿರ", ಅಂದರೆ ಹಿಂದಕ್ಕೆ, ಎಂದು ಒತ್ತಿದರೆ ಸಾಕು, ಹಾಳಾಗುವ ಮೊದಲು ಇದ್ದದ್ದು ಹಿಂದೆ ಬರುತ್ತಿತ್ತು.

ಆದರೂ ಅವನಿಗೆ ಆಸ್ಪತ್ರೆಗೆ ಬರುವ ಫೋನು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ನಾನು ಅವನಿಗೆ ಗಂಜಿ ಕೊಂಡುಹೋದಾಗ ಅವನು ತಾಯಿಯ ಮಂಚಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದ. ತಾಯಿ ಎಚ್ಚರವಿದ್ದು, ಸೂಜಿ ಚುಚ್ಚದ ಕೈಯಿಂದ ಅವನಿಗೆ ಗಾಳಿ ಬೀಸುತ್ತಿದ್ದರು.

ನರ್ಸ್ ಬಂದಳು. "ನಿಮ್ಮ ಮಗನಿಗೆ ಆಫೀಸಿಂದ ಫೋನು. ಎಂತದೋ ಅಳಿಸಿ ಹೋಯಿತಂತೆ."

ಅವನು ನಿದ್ದೆಯಲ್ಲೇ "ಬಂದೆ" ಎಂದ.

ತಾಯಿ ನನ್ನನ್ನು ನೋಡಿದರು. "ನೀವು ಅದೇ ಆಫೀಸಿನವರಲ್ವಾ? ಎಂತ ಹೇಳಬೇಕು ಅಂತ ಗೊತ್ತುಂಟಾ?"

ದಿನಾ ಕೇಳಿ ಕೇಳಿ ನನಗೂ ಗೊತ್ತಿತ್ತು. ಹೋಗಿ ಫೋನೆತ್ತಿ "ಪಿರ ಅಂತ ಒತ್ತಿ ಮಾರಾಯ್ರೇ" ಎಂದೆ.

"ಅವನೆಲ್ಲಿ?"

"ಇಲ್ಲಿಲ್ಲ" ಎಂದು ಇಟ್ಟುಬಿಟ್ಟೆ.

ತಿರುಗಿ ಬಂದಾಗ ತಾಯಿಯ ಕೈ ಇನ್ನೂ ಬೀಸುತ್ತಿತ್ತು. ಗಂಜಿ ಮುಚ್ಚಿಟ್ಟು ಹೊರಟೆ. ಹೇಗೂ ಅವನಿಗೆ ತಣ್ಣಗಿನದೇ ಅಭ್ಯಾಸ.