ಅಳದ ಮಗು

ಮಗುವನ್ನು ಮುಟ್ಟುವ ಮೊದಲು ಸಿಸ್ಟರ್ ತಮ್ಮ ಎರಡೂ ಅಂಗೈ ಉಜ್ಜಿ, ಕೆನ್ನೆಗೊತ್ತಿ ಬಿಸಿ ನೋಡಿಕೊಳ್ಳುತ್ತಿದ್ದರು. ಕೊಲ್ಲಿ ದೇಶದ ಈ ಊರಿನಲ್ಲಿ, ಎಲೆಕ್ಟ್ರಾ ಸ್ಟ್ರೀಟಿನ ಆ ಕ್ಲಿನಿಕ್ಕಿನ ಏಸಿ ಹಾಗಿತ್ತು. ಹೊರಗೆ ಆಗಸ್ಟಿನ ಬೆಂಕಿ, ಒಳಗೆ ಹಲ್ಲು ಕಟಕಟ. ಸಿಸ್ಟರ್ ಪುತ್ತೂರು ಕಡೆಯ ಬ್ಯಾರಿ ಹೆಂಗಸು. ಬಿಗಿಯಾಗಿ ಸುತ್ತಿದ ಬಿಳಿ ಸ್ಕಾರ್ಫಿನ ಮೇಲೆ ಕನ್ನಡಕ ಏರಿಸಿಟ್ಟಿರುತ್ತಿದ್ದರು. ಕೂಸುಗಳ ತೂಕ ನೋಡುವುದು, ಚುಚ್ಚುಮದ್ದು ಹಾಕುವುದು ಅವರ ಕೆಲಸ. "ಅಳ್ಲಿ ಮಾರಾಯ್ತಿ, ಅಳುವ ಮಗುವಿನ ಬಗ್ಗೆ ನಂಗೆ ಚಿಂತೆ ಇಲ್ಲ" ಎನ್ನುತ್ತಿದ್ದರು.

ನನ್ನ ಮಗಳು ಅಳುತ್ತಲೇ ಇರಲಿಲ್ಲ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ "ಎಂಥಾ ಸಾಧು ಕೂಸು" ಎಂದು ದಿನಾ ದೃಷ್ಟಿ ತೆಗೆಯುತ್ತಿದ್ದರು. ಸೆಕೆಗೆ ಬಾಯಾರುತ್ತದೆಂದು ಒಳಲೆಯಲ್ಲಿ ಕಲ್ಲುಸಕ್ಕರೆ ನೀರು ಕುಡಿಸುತ್ತಿದ್ದರು. ಮೂರನೆಯ ವಾರ ತೂಕ ಒಂದಿಷ್ಟೂ ಏರಿರಲಿಲ್ಲ. "ಎದೆಹಾಲು ಮಾತ್ರ ಕೊಡುದಲ್ವಾ?" ಎಂದು ಸಿಸ್ಟರ್ ಕೇಳಿದರು. ಹೂಂ ಎಂದೆ. ನೀರನ್ನು ಯಾರಾದರೂ ಆಹಾರದ ಲೆಕ್ಕಕ್ಕೆ ಹಿಡಿಯುತ್ತಾರೆಯೇ? "ಒಂದು ವಾರ ನೋಡುವ. ಏರದಿದ್ರೆ ದೊಡ್ಡಾಸ್ಪತ್ರೆಗೆ ಹಾಕ್ಬೇಕಾಗ್ತದೆ."

ಆ ವಾರವಿಡೀ ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುವುದೇ ನನ್ನ ಕೆಲಸವಾಯಿತು. ಹಾಲಿಗೆ ಬಾಯಿಟ್ಟರೆ ನಾಲ್ಕು ಗುಟುಕಿಗೆ ನಿದ್ದೆ. ಆಸ್ಪತ್ರೆಗೆ ಸೇರಿಸಿಕೊಂಡರೆ ಮಗು ವಾಪಸ್ಸು ಬರುವುದಿಲ್ಲ ಎಂದು ಯಾಕೋ ತಲೆಯಲ್ಲಿ ಕೂತುಬಿಟ್ಟಿತ್ತು. ಕ್ಲಿನಿಕ್ಕಿಗೆ ಹೊರಡುವಾಗ ಅತ್ತೆ, ತೂಕಕ್ಕೆ ಅಡ್ಡ ಬರುತ್ತದೆಂದು ಮಗುವಿನ ಬೆಳ್ಳಿ ಕಾಲ್ಗಡಗ ತೆಗೆಯಲು ಹೋದರು. "ಇರಲಿ ಬಿಡಿ ಅತ್ತೆ" ಎಂದವಳು ನಾನು. ಸಾಲದೆಂದು ಬೆಳ್ಳಿಯ ಉಡಿದಾರದ ಮೇಲೆ ದಪ್ಪ ಅಂಗಿ ತೊಡಿಸಿದೆ. ತಾಯಿಯಾದವಳು ಮಾಡುವ ಕೆಲಸವೇ ಅದು?

ಹೊಸ ನರ್ಸ್ ಹಾಗೆಯೇ ತೂಗಿ "ಗುಡ್, ಗುಡ್" ಎಂದಳು. ನನಗೆ ಉಸಿರು ಬಂತು. ಅಷ್ಟರಲ್ಲಿ ಒಳಗಿನಿಂದ ಬಂದ ಸಿಸ್ಟರ್ ಮಗುವಿನ ತೊಡೆ ಹಿಡಿದು ನೋಡಿ, "ಎಲ್ಲ ತೆಗೀರಿ" ಎಂದರು. ನಾನು ತಡವರಿಸಿದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು.

"ಉಡಿದಾರ ಮಾತ್ರ ಬಿಚ್ಚಬಾರದು ಕಣಮ್ಮ, ಕೂಸಿನ ಸೊಂಟ ಬರಿದಾಗಬಾರದು" ಎಂದು ಅತ್ತೆ ಅಡ್ಡ ಬಂದರು.

ಸಿಸ್ಟರ್ ವಾದ ಮಾಡಲಿಲ್ಲ. ಡ್ರಾಯರಿನಿಂದ ಒಂದೆಳೆ ಕರಿದಾರ ತೆಗೆದು ಮಗುವಿನ ಸೊಂಟಕ್ಕೆ ಕಟ್ಟಿದರು. ಆಮೇಲೆ ಬೆಳ್ಳಿ ಬಿಚ್ಚಿ ಅತ್ತೆಯ ಕೈಗಿಟ್ಟರು. "ಈಗ ಬರಿ ಇಲ್ಲ ಅಲ್ವಾ ಅಮ್ಮ?"

ತಕ್ಕಡಿ ತೋರಿಸಿದ್ದು ಹುಟ್ಟಿದ ದಿನಕ್ಕಿಂತ ಕಡಿಮೆ. ನೀರಿನ ವಿಷಯ ಆಗ ಬಾಯಿಬಿಟ್ಟೆವು.

ದೊಡ್ಡಾಸ್ಪತ್ರೆಗೆ ಹೊರಟ ಟ್ಯಾಕ್ಸಿಯಲ್ಲಿ ಸಿಸ್ಟರೂ ಬಂದರು. ದಾರಿಯುದ್ದಕ್ಕೂ ಮಗುವಿನ ಅಂಗಾಲಿಗೆ ಬೆರಳಿನಿಂದ ತಟ್ಟುತ್ತಲೇ ಇದ್ದರು. "ಮಲಗ್ಲಿಕ್ಕೆ ಬಿಡ್ಬಾರ್ದು." ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಯಾರೂ ಕೇಳದೆ ಹೇಳಿದರು: "ನನ್ನ ಮೊದಲನೇದು ಹೀಗೇ. ಅಳ್ತಿರ್ಲಿಲ್ಲ. ಎಲ್ರೂ ಒಳ್ಳೆ ಮಗು ಅಂದ್ರು. ನಲ್ವತ್ತು ದಿನ ಇತ್ತು." ಮಗಳು ನನ್ನ ಮಡಿಲಲ್ಲಿ ಕಣ್ಣು ಮೇಲೆ ಮಾಡಿದಳು. ಅಂಥ ಹೆದರಿಕೆ ನನ್ನ ಶತ್ರುವಿಗೂ ಬೇಡ.

ನೀರು ತುಂಬಿದ ಹೊಟ್ಟೆಯಲ್ಲಿ ಹಾಲಿಗೆ ಜಾಗವಿರಲಿಲ್ಲ, ರಕ್ತದಲ್ಲಿ ಉಪ್ಪು ಇಳಿದಿದೆ ಎಂದರು ಡಾಕ್ಟರ್. ಒಂಬತ್ತು ದಿನ ಐಸಿಯು. ಆಫೀಸಿನಿಂದ ಓಡಿಬಂದ ನನ್ನ ಗಂಡ, ಕ್ಲಿನಿಕ್ಕಿನಲ್ಲಿ ನಡೆದದ್ದು ಕೇಳಿ, ಎಲ್ಲರೆದುರಿಗೆ ಅತ್ತೆಯ ಮೇಲೆ ಕೂಗಾಡಿದರು: "ನಿನ್ನ ನೀರು, ನಿನ್ನ ಬೆಳ್ಳಿ, ಎರಡೂ ಸೇರಿ ಮಗೂನ ತಿಂದುಬಿಡ್ತಿತ್ತಲ್ಲಮ್ಮ!" ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಬೆಳ್ಳಿ ಉಳಿಸಿದ್ದು ನಾನು ಎಂದು ನನ್ನ ಬಾಯಿಂದ ಬರಲಿಲ್ಲ. ಸಿಸ್ಟರ್ ಅಲ್ಲೇ ಗೋಡೆಗೊರಗಿ ನಿಂತಿದ್ದರು.

ಮಗಳಿಗೀಗ ಏಳು ವರ್ಷ. ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಡುತ್ತಾಳೆ. ನಿವೃತ್ತರಾಗಿ ಊರಿಗೆ ಹೋಗಿದ್ದ ಸಿಸ್ಟರ್ ಹೋದ ತಿಂಗಳು ತೀರಿಕೊಂಡರೆಂದು ಇಲ್ಲಿನ ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಓದಿದೆ. ಅತ್ತು ಮುಗಿಸಿ ಅತ್ತೆಗೆ ಫೋನ್ ಮಾಡಿದೆ. ಅವತ್ತು ಬಾಯಿಗೆ ಬಾರದ್ದನ್ನು ಹೇಳಿ, ತಪ್ಪಾಯಿತು ಎಂದೆ.

ಅತ್ತೆ ಅತ್ತ ಕಡೆ ಟೀವಿ ಆರಿಸಿದರು.

"ನನಗೆ ಗೊತ್ತಿಲ್ವೇನೇ? ನೀನು ಒಳಗೆ ಮಗು ಹತ್ರ ಹೋದ್ಮೇಲೆ ಅವನಿಗೆ ಅವತ್ತೇ ಹೇಳಕ್ಕೆ ಎದ್ದಿದ್ದೆ ಕಣೆ. ಆ ಸಿಸ್ಟರಮ್ಮ ನನ್ನ ಕೈ ಹಿಡ್ಕೊಂಡುಬಿಟ್ರು. ಬೈಗುಳ ನೀವೇ ತಿಂದುಬಿಡಿ ಅಮ್ಮ, ಈ ಹುಡುಗಿಗೆ ಈಗ ಹಾಲು ಬತ್ತಿದ್ರೆ ಮಗು ಉಳಿಯೋದಿಲ್ಲ ಅಂದ್ರು."